ಫಿಲೇಚರಿನಲ್ಲಿ ಕೆಲಸಕ್ಕಿರುವ ಏಳನೇ ತರಗತಿ ಹುಡುಗಿ: ದೂರು ಕೊಡುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಎಸ್‌ಡಿಎಂಸಿ_ಶಿಡ್ಲಘಟ್ಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ಕೇಳುತ್ತಿದ್ದೇವೆ. ಊರು, ಹೆಸರು ಬೇಡ.

ಏಳನೇ ತರಗತಿಯ ಹುಡುಗಿ, ವಯಸ್ಸು ಹನ್ನೆರಡು. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಬಂದಿಲ್ಲ. ತಾಯಿ ಒಂದು ಫಿಲೇಚರಿನಲ್ಲಿ, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ, ನೂಲು ಬಿಚ್ಚುವ ಕೆಲಸಕ್ಕಿದ್ದಾರೆ, ಮಾಲೀಕರ ಹತ್ತಿರ 40,000 ರೂಪಾಯಿ ಅಡ್ವಾನ್ಸ್ ತಗೊಂಡಿದ್ದಾರೆ. ಈಗ ಹುಡುಗಿಯೂ ಬೆಳಿಗ್ಗೆ ಏಳಕ್ಕೇ ಅಮ್ಮನ ಜೊತೆ ಹೋಗುತ್ತಾಳೆ. ಹದಿನೈದು ವರ್ಷದ ಅಣ್ಣ ಅದೇ ಮಾಲೀಕರ ಟ್ವಿಸ್ಟಿಂಗ್ (ನೂಲಿಗೆ ಹುರಿ ಹಾಕುವ) ಮಿಷನ್ ನೋಡಿಕೊಳ್ಳುತ್ತಾನೆ, ಕೆಲವು ದಿನ ರಾತ್ರಿ ಪಾಳಿ. ಕೇಳಿದರೆ ಮಾಲೀಕರು ಹೇಳುವುದು, "ಹುಡುಗಿ ಕೆಲಸಕ್ಕಿಲ್ಲ, ಅವರಮ್ಮನಿಗೆ ಸಹಾಯ ಮಾಡ್ತಾಳೆ ಅಷ್ಟೆ."

ನಮ್ಮ ಭಯ ಇಷ್ಟು. ದಾಳಿ ಆಗುತ್ತದೆ, ಹುಡುಗಿಯನ್ನು ನಾಲ್ಕು ದಿನ ಬಾಲಮಂದಿರದಲ್ಲಿ ಇಡುತ್ತಾರೆ, ಆಮೇಲೆ ಇಡೀ ಸಂಸಾರ ದೇವನಹಳ್ಳಿ ಕಡೆಯ ವಿಜಯಪುರಕ್ಕೋ ಚಿಂತಾಮಣಿಗೋ ಎದ್ದು ಹೋಗುತ್ತದೆ. ಅಲ್ಲಿ ಇನ್ನೊಂದು ಫಿಲೇಚರ್, ಇನ್ನೊಂದು ಅಡ್ವಾನ್ಸ್. ಮಗು ಕೈಗೆ ಸಿಗದ ಹಾಗೆ ಆಗಬಾರದು. ದೂರು ಯಾರಿಗೆ, ಯಾವ ಕಾಗದ ಇಟ್ಟುಕೊಂಡು ಕೊಡಬೇಕು? ಆ ಸಾಲಕ್ಕೆ ಏನು ದಾರಿ? ಹದಿನೈದರ ಹುಡುಗನ ವಿಷಯದಲ್ಲಿ ಕಾಯ್ದೆ ಏನು ಹೇಳುತ್ತದೆ? ಗೊತ್ತಿರುವವರು ಬಿಡಿಸಿ ಹೇಳಿ.

ಕಾಯ್ದೆಕಟ್ಟೆ ಉತ್ತರ:

ಮೊದಲು ಮಾಲೀಕರ ಮಾತಿಗೇ ಬರುತ್ತೇನೆ. ದಾಳಿಯ ದಿನ ಎಲ್ಲರೂ ತಡವರಿಸುವುದು ಅಲ್ಲಿಯೇ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಕುಟುಂಬಕ್ಕೆ, ಕುಟುಂಬದ ಉದ್ಯಮಕ್ಕೆ ನೆರವಾಗಬಹುದು ಎಂಬ ಒಂದು ವಿನಾಯಿತಿ ಇದೆ, ನಿಜ. ಆದರೆ ಉದ್ಯಮ ಆ ಮನೆಯವರದ್ದೇ ಆಗಿರಬೇಕು. ತಾಯಿ ಕೂಲಿಗೆ ಹೋಗುವ ಜಾಗ ಮಾಲೀಕರ ಉದ್ಯಮ, ಹುಡುಗಿಯ ಮನೆಯ ಉದ್ಯಮ ಅಲ್ಲ. ಅಲ್ಲಿಗೆ ಆ ವಾದ ಮುಗಿಯಿತು. ಮನೆಯದೇ ಉದ್ಯಮ ಆಗಿದ್ದರೂ 2017ರ ಕೇಂದ್ರ ನಿಯಮಗಳ ಪ್ರಕಾರ ಶಾಲೆಯ ಹೊತ್ತಿನಲ್ಲಿ ಕೂಡದು, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ದಿನಕ್ಕೆ ಮೂರು ಗಂಟೆ ಮೀರಕೂಡದು. ಬೆಳಿಗ್ಗೆ ಏಳಕ್ಕೆ ಒಳಗೆ ಹೋಗುವ ಹುಡುಗಿ ಯಾವ ಲೆಕ್ಕದಲ್ಲೂ ವಿನಾಯಿತಿಗೆ ಬರುವುದಿಲ್ಲ. ಈ ನಾಲ್ಕು ಸಾಲನ್ನು ದೂರಿನಲ್ಲೇ ಬರೆದುಬಿಡಿ.

ದೂರು ಲಿಖಿತವಾಗಿಯೇ ಇರಲಿ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಮೂಲ ಪ್ರತಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ, ಏಕೆಂದರೆ ಜಿಲ್ಲಾ ಕಾರ್ಯಪಡೆಯ ಅಧ್ಯಕ್ಷರು ಅವರೇ. ಇನ್ನೊಂದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ, ಬಾಲಕಾರ್ಮಿಕ ದೂರಿಗೆಂದೇ ಇರುವ ಕಾರ್ಮಿಕ ಸಚಿವಾಲಯದ ಪೆನ್ಸಿಲ್ ಪೋರ್ಟಲ್‌ನಲ್ಲೂ ಹಾಕಿ. ಬರೀ ಫೋನ್ ದೂರನ್ನು ನೆಚ್ಚಿಕೊಂಡರೆ ಯಾರು ಏನು ಕ್ರಮ ಕೈಗೊಂಡರು ಎಂದು ಆಮೇಲೆ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ.

"ಬಾಲಕಾರ್ಮಿಕರು ಇದ್ದಾರೆ" ಎಂದಷ್ಟೇ ಬರೆದರೆ ಪ್ರಯೋಜನ ಇಲ್ಲ. ಕಟ್ಟಡಕ್ಕೆ ಎಷ್ಟು ಬಾಗಿಲು, ಹಿಂಬದಿ ಬಾಗಿಲು ಯಾವ ಗಲ್ಲಿಗೆ ತೆರೆಯುತ್ತದೆ, ಮಗು ಎಷ್ಟು ಹೊತ್ತಿಗೆ ಒಳಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ, ಯಾವ ಸಾಲಿನ ಬೇಸಿನ್ (ನೂಲು ಬಿಚ್ಚುವ ಬಿಸಿನೀರಿನ ತೊಟ್ಟಿ) ಹತ್ತಿರ ಕೂರುತ್ತದೆ, ಇಷ್ಟು ಬೇಕು. ಊಟದ ಹೊತ್ತಿಗೆ ತಂಡ ಹೋದರೆ ಒಳಗೆ ಯಾರೂ ಇರುವುದಿಲ್ಲ. ಮುಂಬಾಗಿಲಲ್ಲಿ ಮಾತ್ರ ನಿಂತರೆ ಮಕ್ಕಳು ಹಿಂದಿನಿಂದ ಹೊರಟಿರುತ್ತಾರೆ. ಇನ್ನೊಂದು ಮಾತು: ಮಗುವಿನ ಫೋಟೋ ತೆಗೆದು ವಾಟ್ಸ್ಆಪ್ ಗುಂಪಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ.

ಮಗು ಸಿಕ್ಕಿದ ಮೇಲೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ನೀವು ಅವತ್ತು ಅಲ್ಲಿರಬೇಕು. ಶಾಲೆಯ ದಾಖಲಾತಿ ಪುಸ್ತಕದ ನಕಲು, ಹಾಜರಿ ಪ್ರತಿ, "ನಾಳೆಯಿಂದಲೇ ತರಗತಿಯಲ್ಲಿ ಕೂರಿಸಿಕೊಳ್ಳುತ್ತೇವೆ" ಎಂಬ ಮುಖ್ಯಶಿಕ್ಷಕರ ಪತ್ರ, ಮನೆಯಲ್ಲಿ ಯಾರಿದ್ದಾರೆ ಎಂಬ ವಿವರ ಕೈಯಲ್ಲಿರಲಿ. ಇವಿಲ್ಲದಿದ್ದರೆ ಸಮಿತಿಗೆ ಉಳಿಯುವ ಸುಲಭದ ದಾರಿ ಬಾಲಮಂದಿರ. ಇವಿದ್ದರೆ ಷರತ್ತು ಹಾಕಿ ತಾಯಿಯ ವಶಕ್ಕೆ ಕೊಟ್ಟು, ಪ್ರತಿ ತಿಂಗಳು ವರದಿ ಕೇಳಬಹುದು. ನನ್ನ ಮಟ್ಟಿಗೆ, ತಾಯಿ ಮಗುವನ್ನು ಹೊಡೆದು ಬಡಿದು ಕೆಲಸಕ್ಕೆ ಕಳಿಸುತ್ತಿಲ್ಲವಾದರೆ ಮನೆಯೇ ಸರಿ.

ವಯಸ್ಸಿನ ತಕರಾರು ಬಂದೇ ಬರುತ್ತದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಶಾಲೆಯ ಜನ್ಮದಿನಾಂಕ ದಾಖಲೆಗೇ ಮೊದಲ ಮನ್ನಣೆ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ನಿಮ್ಮ ಹುಡುಗಿಗೆ ಶಾಲೆಯ ದಾಖಲೆ ಇದೆ, ಆಸ್ಪತ್ರೆಗೆ ಅಲೆಸುವ ಮಾತೇ ಇಲ್ಲ.

"ಏನೋ ದಂಡ ಕಟ್ಟಿಸಿ ಇಲ್ಲೇ ಮುಗಿಸಿಬಿಡೋಣ" ಎಂದು ಯಾರಾದರೂ ಮಧ್ಯೆ ಬರುತ್ತಾರೆ. 14ರೊಳಗಿನ ಮಗುವನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ರಾಜಿಯ ಅವಕಾಶ ಕಾಯ್ದೆಯಲ್ಲಿಲ್ಲ. ಶಿಕ್ಷೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ರಾಜಿ ಸಾಧ್ಯವಿರುವುದು ತಂದೆತಾಯಿ ಮೇಲಿನ ಪ್ರಕರಣಕ್ಕೆ, ಮತ್ತೆ ರಿಜಿಸ್ಟರ್ ಇಡದಿರುವಂಥ ಸಣ್ಣ ತಪ್ಪು ಮೊದಲ ಸಲ ಆದಾಗ. ಮಾಲೀಕರಿಂದ ಬಂದ ದಂಡ ಪುನರ್ವಸತಿ ನಿಧಿಗೆ ಹೋಗಬೇಕು, ಪ್ರತಿ ಮಗುವಿಗೆ ಸರ್ಕಾರ 15,000 ರೂಪಾಯಿ ಸೇರಿಸಬೇಕು. ಇದು ತಾನಾಗಿ ಆಗುವುದಿಲ್ಲ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ, ಪುಸ್ತಕದ ನಕಲು ಕೊಟ್ಟು, ಅರ್ಜಿ ಹಾಕಿ ಕೇಳಬೇಕು.

ಅಣ್ಣನ ವಿಷಯ. 14ರಿಂದ 18ರವರನ್ನು ಕಾಯ್ದೆ ಕಿಶೋರರು ಎನ್ನುತ್ತದೆ. ಅಪಾಯಕಾರಿ ಎಂದು ಪಟ್ಟಿ ಮಾಡಿದ ಕೆಲಸಗಳಲ್ಲಿ ಅವರೂ ಇರಕೂಡದು. ಉಳಿದ ಕಡೆ ಇರಬಹುದು, ಆದರೆ ಬಿಡುವು ಸೇರಿ ದಿನಕ್ಕೆ ಒಟ್ಟು ಆರು ಗಂಟೆ ಮಾತ್ರ. ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ಓವರ್‌ಟೈಮ್ ಇಲ್ಲ. ಹುಡುಗ ರಾತ್ರಿ ಪಾಳಿ ಮಾಡುತ್ತಾನೆ ಎಂದಿರಿ, ಅದೊಂದೇ ಸಾಕು. ಇನ್ನೂ ಗಟ್ಟಿಯಾದದ್ದು ಬಾಲನ್ಯಾಯ ಕಾಯ್ದೆಯ 79ನೇ ಕಲಂ. 18 ವರ್ಷದೊಳಗಿನವರನ್ನು ಕೆಲಸಕ್ಕಾಗಿ ಕಟ್ಟಿಹಾಕಿಕೊಂಡರೆ, ಅವರ ಸಂಪಾದನೆ ತಡೆಹಿಡಿದರೆ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಹುಡುಗನ ಕೂಲಿಯನ್ನು ಅಮ್ಮನ ಅಡ್ವಾನ್ಸಿಗೆ ಮುರಿದುಕೊಳ್ಳುತ್ತಿದ್ದರೆ ಅದನ್ನು ದೂರಿನಲ್ಲಿ ತಪ್ಪದೆ ಬರೆಯಿರಿ.

ನೂಲಿನವರು ಉತ್ತರ:

ಒಳಗಿನ ಕೆಲಸ ಗೊತ್ತಿರುವ ಕಡೆಯಿಂದ ನಾಲ್ಕು ಮಾತು.

ದೂರಿನಲ್ಲಿ "ಸಹಾಯ" ಅನ್ನುವುದು ಏನು ಅಂತ ಬಿಡಿಸಿ ಬರೆಯಿರಿ. ಕಾಟೇಜ್ ಬೇಸಿನ್ ಘಟಕದಲ್ಲಿ ಗೂಡನ್ನು ಒಂದು ಕಡೆ ಕುದಿಯುವ ನೀರಿನಲ್ಲಿ ಬೇಯಿಸಿ, ಅಲ್ಲಿಂದ ಬಿಚ್ಚುವವರ ಬೇಸಿನ್ನಿಗೆ ಹಾಕುತ್ತಾರೆ. ಬೆಂದ ಗೂಡಿನ ಎಳೆ ತುದಿ ಹುಡುಕುವುದು, ತೆಳ್ಳಗಾದ ಗೂಡು ತೆಗೆದು ಹೊಸದನ್ನು ಸೇರಿಸುವುದು, ಹುಳು ಮತ್ತು ವೇಸ್ಟ್ ಬೇರ್ಪಡಿಸುವುದು, ಇವೇ ಮಕ್ಕಳ ಕೈಗೆ ಬರುವ ಕೆಲಸ. ಎಲ್ಲಾ ಬಿಸಿನೀರಿನಲ್ಲಿ. ಹಳೇ ಥರದ ಚರಕ ಘಟಕ ಆದರೆ ಇನ್ನೂ ಕೆಟ್ಟದ್ದು, ಬೇಯಿಸುವುದೂ ಬಿಚ್ಚುವುದೂ ಒಂದೇ ಬಾಣಲೆಯಲ್ಲಿ. ಕೆಲವೇ ವಾರದಲ್ಲಿ ಬೆರಳ ತುದಿಯ ಚರ್ಮ ನೆನೆದು ಬೆಳ್ಳಗಾಗಿ ಸುಲಿಯುತ್ತದೆ, ಉಗುರಿನ ಬುಡದಲ್ಲಿ ಕೀವು ತುಂಬುತ್ತದೆ, ಅಂಗೈ ಗೆರೆಗಳು ಬಿರಿದಿರುತ್ತವೆ. ಆದ್ದರಿಂದ ಹುಡುಗಿ ಸಿಕ್ಕ ದಿನವೇ ವೈದ್ಯಾಧಿಕಾರಿಯಿಂದ ಎರಡೂ ಕೈ ತಪಾಸಣೆ ಮಾಡಿಸಿ, ಕಂಡದ್ದನ್ನು ಬರೆಸಿಕೊಳ್ಳಿ. ವಾರ ಬಿಟ್ಟು ಹೋದರೆ ಚರ್ಮ ಕೂಡಿಕೊಂಡಿರುತ್ತದೆ. "ಒಂದು ದಿನ ಬಂದಿದ್ದಳು" ಅಂತ ಹೇಳುವವರಿಗೆ ಆ ವೈದ್ಯರ ಚೀಟಿಯೇ ಉತ್ತರ. ಟ್ವಿಸ್ಟಿಂಗ್ ಕಡೆಯ ಹುಡುಗನಿಗೆ ಕಿವಿ ತಪಾಸಣೆ ಮಾಡಿಸಿ, ಆ ಸದ್ದಿನಲ್ಲಿ ಗಂಟೆಗಟ್ಟಲೆ ನಿಂತು ಕಡಿದ ಎಳೆಗೆ ಗಂಟು ಹಾಕುವ ಕೆಲಸ ಅದು.

ಚಿಕ್ಕ ಬೆರಳಿಗೆ ಎಳೆ ಬೇಗ ಸಿಗುತ್ತದೆ ಅನ್ನುವ ಮಾತು ಶಿಡ್ಲಘಟ್ಟದಲ್ಲಿ ಇನ್ನೂ ಓಡಾಡುತ್ತದೆ. ಅದು ಸುಳ್ಳು. ಮಿಶ್ರತಳಿ ಗೂಡಿನಲ್ಲಿ ಒಂದು ಕೆಜಿ ನೂಲಿಗೆ ಸುಮಾರು 7ರಿಂದ 8 ಕೆಜಿ ಗೂಡು ಬೇಕು, ಅದಕ್ಕೆ ರೆಂಡಿಟ್ಟಾ ಅನ್ನುತ್ತಾರೆ. ಕೈ ಪಳಗದ ಮಗು ಎಳೆ ಹುಡುಕುವಾಗ ಹೆಚ್ಚು ಎಳೆ ಕಿತ್ತು ವೇಸ್ಟಿಗೆ ಹಾಕುತ್ತದೆ, ರೆಂಡಿಟ್ಟಾ ಏರುತ್ತದೆ, ಗೂಡಿನ ದುಡ್ಡು ನೀರಿಗೆ ಹೋಗುತ್ತದೆ. ಮಗುವನ್ನು ಕೂರಿಸಿಕೊಳ್ಳುವುದು ಕೈಚಳಕಕ್ಕಲ್ಲ. ಅರ್ಧ ಕೂಲಿಗೆ ಸಿಗುತ್ತದೆ, ತಾಯಿ ಬೇರೆ ಕಡೆ ಹೋಗದ ಹಾಗೆ ಹಿಡಿದಿಟ್ಟುಕೊಳ್ಳಬಹುದು, ಇದೇ ಕಾರಣ.

ಅಡ್ವಾನ್ಸ್ ಹೇಗೆ ನಡೆಯುತ್ತದೆ ಅಂತ ತಿಳಿಯದೆ ದಾಳಿ ಮಾಡಿಸಿದರೆ ನೀವು ಹೆದರಿದ ಹಾಗೇ ಆಗುತ್ತದೆ. ಅದು ವಾರದ ಕೂಲಿಯಲ್ಲಿ ಕರಗುವ ಸಾಲ ಅಲ್ಲ. ಬಿಟ್ಟು ಹೋಗುವಾಗ ಇಡಿಯಾಗಿ ಕೊಡಬೇಕು. ಇಡೀ ಹಣ ಯಾರ ಹತ್ತಿರ ಇರುತ್ತದೆ? ಹಾಗಾಗಿ ಇನ್ನೊಬ್ಬ ಮಾಲೀಕರು ಹಳೇ ಬಾಕಿ ತೀರಿಸಿ, ಮೇಲೊಂದು ಐದೋ ಹತ್ತೋ ಸಾವಿರ ಕೊಟ್ಟು ಸಂಸಾರವನ್ನು ಕರೆದುಕೊಂಡು ಹೋಗುತ್ತಾರೆ. ಸಾಲ ಬೆಳೆಯುತ್ತದೆ, ಜಾಗ ಮಾತ್ರ ಬದಲಾಗುತ್ತದೆ. ಹುಡುಗಿಯನ್ನು ಬಿಡಿಸಿ ಸಾಲವನ್ನು ಹಾಗೇ ಬಿಟ್ಟರೆ, ಬಿಡಿಸಿದ ಹಾಗಲ್ಲ.

ರೀಲರ್‌ಗಳಿಗೆ, ಅಂದರೆ ನೂಲು ಬಿಚ್ಚಿಸುವ ಮಾಲೀಕರಿಗೆ, ರೇಷ್ಮೆ ಇಲಾಖೆಯ ಲೈಸೆನ್ಸ್ ಇರುತ್ತದೆ. ದೂರಿನ ಒಂದು ಪ್ರತಿ ಇಲಾಖೆಗೂ ಹೋಗಲಿ. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಹಕ್ಕು ಆ ಲೈಸೆನ್ಸಿನ ಮೇಲೆ ನಿಂತಿರುವುದರಿಂದ ಮಾಲೀಕರು ಅದನ್ನು ಹಗುರವಾಗಿ ತಗೊಳ್ಳುವುದಿಲ್ಲ.

ಎಸ್‌ಡಿಎಂಸಿ_ಶಿಡ್ಲಘಟ್ಟ:

ತುಂಬ ಉಪಕಾರ ಆಯಿತು. ಒಂದು ಸಂದೇಹ. ಆ ತಾಯಿ "ದುಡ್ಡು ಇಸ್ಕೊಂಡಿದ್ದೀನಲ್ಲ ಸರ್, ಕೊಡಲೇಬೇಕಲ್ಲ" ಅನ್ನುತ್ತಾರೆ. ರಾತ್ರಿ ಮನೆಗೆ ಬರುತ್ತಾರೆ, ಬಾಗಿಲಿಗೆ ಬೀಗ ಹಾಕಿ ಇಟ್ಟಿಲ್ಲ. ಇದನ್ನು ಜೀತ ಅನ್ನಬಹುದಾ?

ಕಾಯ್ದೆಕಟ್ಟೆ:

ಅನ್ನಬಹುದು. ಜೀತಕ್ಕೆ ಸರಪಳಿ, ಬೀಗ ಬೇಕಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಕೇಳುವುದು ಎರಡು ವಿಷಯ. ಮುಂಗಡ ಅಥವಾ ಸಾಲ ಇದೆಯೇ? ಅದರ ಕಾರಣಕ್ಕೆ ಆ ವ್ಯಕ್ತಿ ಕೂಲಿ ಇಲ್ಲದೆ ಇಲ್ಲವೇ ಅಲ್ಪ ಕೂಲಿಗೆ ದುಡಿಯುತ್ತಿದ್ದಾರೆಯೇ, ಅಥವಾ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡಿದ್ದಾರೆಯೇ? "ದುಡ್ಡು ಕೊಟ್ಟು ಹೋಗು" ಎಂದು ಮಾಲೀಕರು ಹೇಳಿದ್ದರೆ ಎರಡನೆಯದು ಅಲ್ಲಿಗೇ ಆಯಿತು. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು, ತಾಯಿಯದ್ದಲ್ಲ. ಪಾವಗಡ, ಶಿರಾ ಕಡೆ ಮುಂಗಡ ಹಣ ಕೊಟ್ಟು ಕುರಿ ಕಾಯಲು ಇಟ್ಟುಕೊಳ್ಳುವ ಹುಡುಗರಿಗೂ ಇದೇ ಕಾಯ್ದೆ.

ಅರ್ಜಿ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಅವರಿಗೆ. ಬಾಲಕಾರ್ಮಿಕ ದೂರಿನ ದಿನವೇ ಇದನ್ನೂ ಕೊಡಿ. ಎಷ್ಟು ಹಣ, ಯಾವ ತಿಂಗಳು, ಯಾರೆದುರು ಕೊಟ್ಟರು, ವಾರಕ್ಕೆ ಕೈಗೆ ಬರುವುದೆಷ್ಟು, ಮುರಿದುಕೊಳ್ಳುವುದೆಷ್ಟು, ಕೆಲಸ ಬಿಡುತ್ತೇನೆ ಎಂದಾಗ ಏನಂದರು, ಇದನ್ನು ತಾಯಿಯ ಮಾತಿನಲ್ಲೇ ಬರೆಯಿರಿ. ಖಾಲಿ ಕಾಗದಕ್ಕೋ ಛಾಪಾ ಕಾಗದಕ್ಕೋ ಸಹಿ ಹಾಕಿಸಿಕೊಂಡಿದ್ದರೆ, ಆಧಾರ್ ಅಥವಾ ಪಡಿತರ ಚೀಟಿ ಇಟ್ಟುಕೊಂಡಿದ್ದರೆ ಅದೂ ಬರಲಿ. ವಿಚಾರಣೆ ಮಾಲೀಕರ ಕಟ್ಟಡದಲ್ಲಿ ಬೇಡ, ಮಾಲೀಕರು ಎದುರಿಗೆ ನಿಂತರೆ ತಾಯಿ ಬಾಯಿ ಬಿಡುವುದಿಲ್ಲ. ಕಚೇರಿಯಲ್ಲಿ ಬೇರೆಯಾಗಿ ಹೇಳಿಕೆ ಪಡೆಯಿರಿ ಎಂದು ಅರ್ಜಿಯಲ್ಲೇ ಕೋರಿ.

ಎ.ಸಿ. ಅವರಿಂದ ಜೀತ ಬಿಡುಗಡೆ ಪ್ರಮಾಣಪತ್ರ ಕೈಗೆ ಬಂದರೆ 40,000 ರದ್ದಾಯಿತು ಎಂದು ಬರವಣಿಗೆಯಲ್ಲಿ ಇದ್ದ ಹಾಗೆ. ಆಮೇಲೆ ಮಾಲೀಕರು ಆ ಸಾಲಕ್ಕೆ ಒಂದು ರೂಪಾಯಿ ಪಡೆದರೂ ಅಪರಾಧ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತುರ್ತು ನೆರವು 30,000 ರೂಪಾಯಿವರೆಗೆ ಇದೆ. ಮಹಿಳೆಯರಿಗೆ, ಮಕ್ಕಳಿಗೆ ಒಟ್ಟು ಪರಿಹಾರ 2 ಲಕ್ಷ, ಆದರೆ ಪೂರ್ಣ ಮೊತ್ತ ಪ್ರಕರಣದ ತೀರ್ಪಿನ ಜೊತೆ ತಳುಕು ಹಾಕಿಕೊಂಡಿರುವುದರಿಂದ ವರ್ಷಗಟ್ಟಲೆ ಎಳೆಯುತ್ತದೆ. ತಾಯಿಗೆ ಆ ಹಣದ ಆಸೆ ತೋರಿಸಿ ಹೊರಡಿಸಬೇಡಿ. ತುರ್ತು ನೆರವಿಗೆ ಪಟ್ಟು ಹಿಡಿಯಿರಿ. ತಾಯಿ, ಮಗಳು, ಮಗ ಮೂವರಿಗೂ ಬೇರೆ ಬೇರೆ ಪ್ರಮಾಣಪತ್ರ ಕೇಳಿ. ಬರೀ ತಾಯಿಯ ಹೆಸರಿಗೆ ಮಾಡಿಸಿದರೆ ಮಕ್ಕಳ ಪರಿಹಾರ ತಪ್ಪಿಹೋಗುತ್ತದೆ.

ನಾಲ್ಕನೇ_ಬೆಂಚು ಉತ್ತರ:

ಶಾಲೆಯ ಕಡೆಯಿಂದ ಹೇಳುತ್ತೇನೆ, ಏಕೆಂದರೆ ಬಿಡಿಸಿ ತಂದ ಮಗುವನ್ನು ಎರಡನೇ ಸಲ ಕಳೆದುಕೊಳ್ಳುವುದು ತರಗತಿಯ ಒಳಗೇ.

ಕಾರಣ ತಿಳಿಸದೆ ಸತತ ಏಳು ದಿನ ಬಾರದ ಮಗುವನ್ನು ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಗು ಎಂದೇ ಲೆಕ್ಕ ಹಿಡಿಯಬೇಕು. ಮೂವತ್ತು ದಿನ ದಾಟಿದರೆ ಬಾಲಕಾರ್ಮಿಕ ನಿಯಮಗಳ ಪ್ರಕಾರವೂ ಮುಖ್ಯಶಿಕ್ಷಕರು ನೋಡಲ್ ಅಧಿಕಾರಿಗೆ ತಿಳಿಸಬೇಕು. ದಸರಾದಿಂದ ಬಾರದ ಮಗುವಿನ ಬಗ್ಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಹೋಗಿದೆಯೇ ಎಂದು ಮೊದಲು ನೋಡಿ. ಹೋಗಿರದಿದ್ದರೆ ಇವತ್ತೇ ಬರೆಸಿ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಗೆ ಯಾರೂ ಕರುಣೆಯಿಂದ ಹಾಜರಿ ಹಾಕಿರಬಾರದು. ಹಾಕಿದ್ದರೆ ಅದೇ ಮಾಲೀಕರ ಪರ ಸಾಕ್ಷಿ ಆಗುತ್ತದೆ: ಶಾಲೆಗೆ ಹೋಗುತ್ತಿದ್ದಾಳಲ್ಲ ಎಂದು.

ಹೆಸರನ್ನು ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಿಂದ ತೆಗೆಸಬೇಡಿ. ಸಂಸಾರ ಊರು ಬಿಟ್ಟರೂ ಆ ಸಂಖ್ಯೆಯಿಂದ ಮುಂದಿನ ಶಾಲೆಯವರು ಹುಡುಕಬಹುದು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ವರ್ಷದ ಯಾವ ತಿಂಗಳಲ್ಲಾದರೂ ಸೇರಿಸಿಕೊಳ್ಳಬೇಕು. ಟಿ.ಸಿ. ತಡವಾಯಿತು, ಜನನ ಪತ್ರ ಇಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳನ್ನು 2021ರಲ್ಲಿ ಸಮಗ್ರ ಶಿಕ್ಷಣದಲ್ಲಿ ವಿಲೀನ ಮಾಡಿದ ಮೇಲೆ ಆ ತರಬೇತಿಯ ಹೊಣೆಯೂ ಶಿಕ್ಷಣ ಇಲಾಖೆಯದ್ದೇ.

ತರಗತಿಯಲ್ಲಿ ಎಡವುವುದು ಎಲ್ಲಿ ಗೊತ್ತೇ? ಗಣಿತ ಮತ್ತು ಇಂಗ್ಲಿಷ್. ಉಳಿದ ವಿಷಯ ಓದಿ ಹಿಡಿದುಕೊಳ್ಳಬಹುದು. ಗಣಿತದಲ್ಲಿ ಭಿನ್ನರಾಶಿ ತಪ್ಪಿದರೆ ಅನುಪಾತ ಗೊತ್ತಾಗುವುದಿಲ್ಲ, ಅನುಪಾತ ತಪ್ಪಿದರೆ ಬೀಜಗಣಿತ ಗೊತ್ತಾಗುವುದಿಲ್ಲ. ಮೊದಲ ತಿಂಗಳು ಸಂಜೆ ಶಾಲೆ ಬಿಟ್ಟ ಮೇಲೆ ನಲವತ್ತೈದು ನಿಮಿಷ ಇವೆರಡಕ್ಕೇ ಮೀಸಲಿಡಿ, ಸಾಕು. ಇಡೀ ಪಠ್ಯ ಮುಗಿಸಲು ಹೊರಟರೆ ಮಗು ಸೋತು ಮನೆಯಲ್ಲಿ ಕೂರುತ್ತದೆ. "ಫಿಲೇಚರಿಂದ ಬಂದವಳು" ಎಂಬ ಮಾತು ತರಗತಿಯಲ್ಲಿ ಹುಟ್ಟದ ಹಾಗೆ ನೋಡಿಕೊಳ್ಳುವುದು ಮೇಷ್ಟ್ರ ಕೆಲಸ. ಕೈ ಗಾಯ ವಾಸಿಯಾಗುವವರೆಗೆ ಬರೆಯುವುದು ಕಮ್ಮಿ ಮಾಡಿಸಿ, ಪೆನ್ನು ಹಿಡಿದರೆ ಉರಿಯುತ್ತದೆ ಎಂದು ಆ ಮಗು ಬಾಯಿಬಿಟ್ಟು ಹೇಳುವುದಿಲ್ಲ.

ಮನೆಯ ಖರ್ಚಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಇದೆ, ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಕುಟುಂಬದ ಆದಾಯ ವರ್ಷಕ್ಕೆ 72,000 ಮೀರಿರಬಾರದು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದ ದಿನವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿ ಸಾಮಾನ್ಯವಾಗಿ ಆ ಒಂದು ಕಾಗದಕ್ಕೇ ನಿಂತುಬಿಡುವುದು.

ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದೆಯೇ, ವಿಚಾರಿಸಿ. ಇದ್ದರೆ ಫಿಲೇಚರ್ ಬಿಟ್ಟ ಹುಡುಗಿ ಮನೆಯಲ್ಲಿ ಕೂಸು ಆಡಿಸುತ್ತಾ ಉಳಿಯುತ್ತಾಳೆ, ಅದನ್ನು ಯಾರೂ ಬಾಲಕಾರ್ಮಿಕ ಎಂದು ಎಣಿಸುವುದಿಲ್ಲ. ಪಂಚಾಯಿತಿಯಲ್ಲಿ ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ನಡೆಯುತ್ತಿದ್ದರೆ ಅಲ್ಲಿ, ಇಲ್ಲವೇ ಅಂಗನವಾಡಿಯಲ್ಲಿ ಆ ಕೂಸಿಗೆ ಜಾಗ ಕೇಳಿ. ಮುಂದಿನ ವರ್ಷ ಎಂಟನೇ ತರಗತಿಗೆ ಹೈಸ್ಕೂಲು ಎಷ್ಟು ದೂರ ಎಂಬುದನ್ನೂ ಈಗಲೇ ನೋಡಿ. ದೂರವಿದ್ದರೆ ಹಿಂದುಳಿದ ವರ್ಗಗಳ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಅರ್ಜಿ ಸಮಯಕ್ಕೆ ಹೋಗಬೇಕು. ಏಳು ಮುಗಿಸಿ ಎಂಟಕ್ಕೆ ಸೇರದ ಹುಡುಗಿಯರೇ ನಮ್ಮ ಕಡೆ ಹೆಚ್ಚು.

ಮಾಲೂರು_ಕಡೆಯವರು:

ಕೋಲಾರ ಜಿಲ್ಲೆಯವರೂ ಈ ಚರ್ಚೆ ಓದುತ್ತಾರೆ ಅಂತ ಎರಡು ಮಾತು ಸೇರಿಸುತ್ತೇನೆ. ಇಟ್ಟಿಗೆ ಗೂಡಿನಲ್ಲಿ ಕೂಲಿ ದಿನದ ಲೆಕ್ಕ ಅಲ್ಲ, ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಗಂಡ ಹೆಂಡತಿ ಸೇರಿ ಒಂದೇ ಲೆಕ್ಕ. ಹಾಗಾಗಿ ಹಸಿ ಇಟ್ಟಿಗೆ ಮಗ್ಗುಲು ತಿರುಗಿಸುವುದು, ಒಣಗಿದ್ದನ್ನು ಪೇರಿಸುವುದು ಮಕ್ಕಳ ಪಾಲಿಗೆ ಬರುತ್ತದೆ, ಲೆಕ್ಕದ ಪುಸ್ತಕದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಪುಸ್ತಕ ನೋಡಿ ಬಂದ ಅಧಿಕಾರಿಗೆ ಏನೂ ಕಾಣುವುದಿಲ್ಲ. ದಂಪತಿಗೆ ಬೇರೆ ಬೇರೆ ಲೆಕ್ಕ, ಬೇರೆ ಬೇರೆ ಕೂಲಿ ಚೀಟಿ ಕೊಡಿಸಿ. ಇಬ್ಬರು ಮಾಡಲಾಗದಷ್ಟು ಇಟ್ಟಿಗೆ ಆ ಚೀಟಿಯಲ್ಲಿ ಕಂಡರೆ ಮಿಕ್ಕಿದ್ದು ಯಾರು ಮಾಡಿದರು ಅಂತ ಕೇಳಬಹುದು. ಹಂಗಾಮಿಗೆ ವಲಸೆ ಬಂದ ಮಕ್ಕಳಿಗೆ ಗೂಡಿನ ಹತ್ತಿರವೇ ಟೆಂಟ್ ಶಾಲೆ ಬೇಕು ಅಂತ ಬಿಇಒ ಅವರಿಗೆ ಕೆಲಸ ಶುರುವಾಗುವ ಮುಂಚೆಯೇ ಅರ್ಜಿ ಕೊಡಿ. ಜನ ಬಂದು ಎರಡು ತಿಂಗಳಾದ ಮೇಲೆ ಕೊಟ್ಟರೆ ಮಂಜೂರಾಗುವ ಹೊತ್ತಿಗೆ ಹಂಗಾಮೇ ಮುಗಿದಿರುತ್ತದೆ.

ಟೊಮೇಟೊ ಕೊಯ್ಲು ಬೇರೆ ಥರ. ಸ್ವಂತ ತೋಟದಲ್ಲಿ ಮಗು ಕಾಯಿ ಆರಿಸಿದರೆ ಕಾಯ್ದೆಯ ವಿನಾಯಿತಿ ಒಳಗೆ ಬರಬಹುದು, ಆದರೆ ಬೆಳಿಗ್ಗೆ ಎಂಟರ ಮುಂಚೆ ಕೂಡದು. ಅಪ್ಪನ ತೋಟದಿಂದ ಪಕ್ಕದವರ ತೋಟಕ್ಕೆ ಕೂಲಿಗೆ ಹೋದ ತಕ್ಷಣ ವಿನಾಯಿತಿ ಮುಗಿಯಿತು. 15 ಕೆಜಿ ತುಂಬಿದ ಬಾಕ್ಸು ಹೊರಿಸುವುದಂತೂ ಯಾರ ತೋಟದಲ್ಲೂ ಬೇಡ.

ಎಸ್‌ಡಿಎಂಸಿ_ಶಿಡ್ಲಘಟ್ಟ:

ಎಲ್ಲರಿಗೂ ಧನ್ಯವಾದ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸುತ್ತಿದ್ದೇವೆ, ಮುಖ್ಯಶಿಕ್ಷಕರು ಬಿಇಒಗೆ ಪತ್ರ ಬರೆಯಲು ಒಪ್ಪಿದ್ದಾರೆ. ಎ.ಸಿ. ಅರ್ಜಿ ಮತ್ತು ಕಾರ್ಮಿಕ ನಿರೀಕ್ಷಕರ ದೂರು ಒಂದೇ ದಿನ ಕೊಡುತ್ತೇವೆ. ತಾಯಿಯ ಜೊತೆ ಮಾತಾಡಲು ಆಶಾ ಕಾರ್ಯಕರ್ತೆ ಅಕ್ಕನವರನ್ನು ಕರೆದುಕೊಂಡು ಹೋಗುತ್ತೇವೆ.

ಕಾಯ್ದೆಕಟ್ಟೆ:

ಒಳ್ಳೆಯದು. ಪ್ರತಿಯೊಂದು ಕಚೇರಿಯಲ್ಲೂ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ದೂರು ಕೊಟ್ಟ ದಿನದಿಂದ ತಂಡ ಹೋಗುವವರೆಗೆ ಮಾಲೀಕರ ಕಿವಿಗೆ ಬೀಳದಂತೆ ಎಸ್‌ಡಿಎಂಸಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರಲಿ, ಸಭೆಯ ನಡಾವಳಿಯಲ್ಲಿ ಮಗುವಿನ ಹೆಸರು ಬರೆಯಬೇಡಿ. ಎ.ಸಿ. ಅವರ ವಿಚಾರಣೆಯ ನೋಟಿಸು ಮಾಲೀಕರಿಗೆ ತಲುಪುವ ಮುಂಚೆಯೇ ಮಗು ಹೊರಗೆ ಬಂದಿರಬೇಕು, ಎರಡು ಕಚೇರಿಯವರಿಗೂ ಇದನ್ನು ಬಾಯಿಮಾತಿನಲ್ಲಿ ಹೇಳುವುದರ ಜೊತೆ ಅರ್ಜಿಯ ಕೊನೆಯ ಸಾಲಿನಲ್ಲೂ ಬರೆಯಿರಿ.